ಇಡಿಯ ಅಂಗದೊಳಗೆ ಬೆಳಕಿನ ಹಾಳೆ

ಮಿದುಳು, ಮೂತ್ರಪಿಂಡಗಳಂತಹ ಅಂಗಗಳ ಒಳರಚನೆಯನ್ನು ಅರಿಯಲು ಅವನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದಿಂದ ಕೆಲವೇ ಮೈಕ್ರೋಮೀಟರ್ ದಪ್ಪದ ಪದರಗಳಾಗಿ ಕೊಯ್ದು ನೋಡುವುದು ಬಹುಕಾಲದ ರೂಢಿ. ಆದರೆ ಒಂದೇ ನರತಂತು ನೂರಾರು ಪದರಗಳನ್ನು ಹಾಯ್ದು ಹೋಗಿರುವಾಗ, ನಡುವೆ ಹರಿದ ಅಥವಾ ಮಡಿಚಿಕೊಂಡ ಒಂದು ಪದರವೂ ಅದರ ಜಾಡನ್ನು ತಪ್ಪಿಸಬಲ್ಲದು. ಅಂಗವನ್ನು ಕೊಯ್ಯದೆ ನೋಡುವುದಕ್ಕೆ ಅಡ್ಡಿಯಾಗಿದ್ದದ್ದು ಅಂಗಾಂಶದ ಅಪಾರದರ್ಶಕತೆ.

ಇದಕ್ಕೆ ರಕ್ತದ ಬಣ್ಣವೊಂದೇ ಕಾರಣವಲ್ಲ. ಮಾಧ್ಯಮವೊಂದರಲ್ಲಿ ಬೆಳಕಿನ ವೇಗ ಎಷ್ಟು ತಗ್ಗುತ್ತದೆ ಎಂಬುದನ್ನು ಹೇಳುವ ವಕ್ರೀಭವನಾಂಕ ನೀರಿಗೆ 1.33 ಇದ್ದರೆ, ಜೀವಕೋಶದ ಪೊರೆಯ ಕೊಬ್ಬಿಗೆ ಸುಮಾರು 1.45 ಇದೆ, ಇವೆರಡೂ ಸಂಧಿಸುವ ಅಸಂಖ್ಯ ಗಡಿಗಳಲ್ಲಿ ಬೆಳಕು ಬಾಗಿ ಬಾಗಿ ಚೆದುರಿಹೋಗುತ್ತದೆ. ಈ ಅಂತರವನ್ನು ಅಳಿಸಿದರೆ ಅಂಗ ತಿಳಿಯಾಗುತ್ತದೆ. ಎಣ್ಣೆ ಹೀರಿದ ಕಾಗದದ ಹಿಂದಿನ ಅಕ್ಷರ ಕಾಣುವುದೂ ಇದೇ ಕಾರಣದಿಂದ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವರ್ನರ್ ಸ್ಪಾಲ್ಟೆಹೋಲ್ಟ್ಸ್ 20ನೆಯ ಶತಮಾನದ ಆರಂಭದಲ್ಲಿಯೇ ಅಂಗಗಳ ನೀರನ್ನು ತೆಗೆದು, ತಕ್ಕ ವಕ್ರೀಭವನಾಂಕದ ದ್ರವಗಳನ್ನು ತುಂಬಿಸಿ ಇದನ್ನು ಸಾಧಿಸಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಾರ್ಲ್ ಡೈಸೆರಾತ್, ಕ್ವಾಂಗ್‌ಹನ್ ಚುಂಗ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ‘ಕ್ಲಾರಿಟಿ’ ವಿಧಾನ ಬೇರೆ ದಾರಿ ಹಿಡಿಯಿತು: ಇಲಿಯ ಮಿದುಳಿನಲ್ಲಿ ಅಕ್ರಿಲಮೈಡ್ ಹರಡುವಂತೆ ಮಾಡಿ, 37 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದಾಗ ಅದು ಜಾಲರಿಯಾಗಿ ಹೆಪ್ಪುಗಟ್ಟಿ ಪ್ರೋಟೀನುಗಳನ್ನು ಇದ್ದಲ್ಲಿಯೇ ಹಿಡಿದಿಡುತ್ತದೆ, ಅನಂತರ ಮಾರ್ಜಕದಿಂದ ಕೊಬ್ಬನ್ನಷ್ಟೇ ತೊಳೆದು ತೆಗೆಯಲಾಗುತ್ತದೆ. ಆಗ ಉಬ್ಬಿಕೊಳ್ಳುವ ಮಿದುಳು, ತಕ್ಕ ವಕ್ರೀಭವನಾಂಕದ ದ್ರವದಲ್ಲಿ ಮುಳುಗಿದಾಗ ಮತ್ತೆ ಕುಗ್ಗಿ, ಗಾಜಿನಷ್ಟು ನಿರ್ಮಲವಾಗುತ್ತದೆ. ರಚನೆಯನ್ನು ಕೆಡಿಸದೆ ತಡೆಯನ್ನು ಮಾತ್ರ ಕಳೆಯುವ ಈ ಉಪಾಯ ನಿಜಕ್ಕೂ ಸೊಗಸಾದುದು.

ತಿಳಿಯಾದ ಅಂಗವನ್ನು ಚಿತ್ರಿಸುವ ‘ಬೆಳಕಿನ ಹಾಳೆ’ ಸೂಕ್ಷ್ಮದರ್ಶಕದ ಮೂಲ, 1903ರಲ್ಲಿ ವಿಜ್ಞಾನಿಗಳಾದ ಸೀಡೆನ್‌ಟಾಪ್ಫ್ ಮತ್ತು ಜಿಗ್ಮಾಂಡಿ ಬಣ್ಣದ ಗಾಜಿನೊಳಗಿನ ಚಿನ್ನದ ಕಣಗಳನ್ನು ಕಾಣಲು ರೂಪಿಸಿದ ಉಪಕರಣದಲ್ಲಿದೆ. ಹಾನ್ಸ್-ಉಲ್ರಿಚ್ ಡಾಟ್ ಅವರ ತಂಡ 2007ರಲ್ಲಿ ಇದೇ ತತ್ತ್ವದಿಂದ ಇಲಿಯ ಇಡಿಯ ಮಿದುಳನ್ನು ಚಿತ್ರಿಸಿತು. ಇದರಲ್ಲಿ ಲೇಸರ್ ಕಿರಣವನ್ನು ತೆಳುವಾದ ಹಾಳೆಯಂತೆ ಹರಡಿ ಪಕ್ಕದಿಂದ ಹಾಯಿಸಿದಾಗ, ಆ ಒಂದು ತಲದಲ್ಲಿರುವ ಪ್ರತಿದೀಪಕ ಬಣ್ಣಗಳು, ಎಂದರೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದನ್ನು ಸೂಸುವ ಅಣುಗಳು, ಮಾತ್ರ ಹೊಳೆಯುತ್ತವೆ; ಹಾಳೆಗೆ ಲಂಬವಾಗಿರುವ ಕ್ಯಾಮೆರಾ ಇಡೀ ತಲವನ್ನು ಒಮ್ಮೆಗೇ ಸೆರೆಹಿಡಿಯುತ್ತದೆ, ಅಂಗ ಒಂದಿಷ್ಟು ಸರಿದು ಮುಂದಿನ ತಲ ಎದುರಾಗುತ್ತದೆ. ಹೀಗೆ ದೊರೆತ ಸಾವಿರಾರು ಚಿತ್ರಗಳನ್ನು ಗಣಕಯಂತ್ರ ಜೋಡಿಸಿ ಮೂರು ಆಯಾಮದ ರೂಪ ಕೊಡುವುದರಿಂದ, ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಗ್ಲೊಮೆರುಲಸ್ ಎಂಬ ಲೋಮನಾಳ ಗುಚ್ಛಗಳನ್ನು ಕೆಲವು ಪದರಗಳಿಂದ ಅಂದಾಜಿಸುವ ಬದಲು ಒಂದೊಂದಾಗಿ ಎಣಿಸಲು ಸಾಧ್ಯವಾಗಿದೆ.

ಬೆಳಕಿನ ಹಾಳೆಯನ್ನು ತೆಳುವಾಗಿಸಿದಷ್ಟೂ ಅದು ಕಡಮೆ ದೂರದಲ್ಲಿಯೇ ಅಗಲಗೊಳ್ಳುವುದರಿಂದ, ದೊಡ್ಡ ಅಂಗಗಳಲ್ಲಿ ಸೂಕ್ಷ್ಮ ವಿವರ ಮತ್ತು ವ್ಯಾಪ್ತಿ ಎರಡನ್ನೂ ಒಟ್ಟಿಗೆ ಪಡೆಯುವುದು ಕಷ್ಟ. ಇದಕ್ಕಿಂತ ಹಟಮಾರಿಯಾದ ತೊಡಕೆಂದರೆ, ನಿರ್ದಿಷ್ಟ ಪ್ರೋಟೀನನ್ನು ಗುರುತಿಸಲು ಬಳಸುವ ಪ್ರತಿಕಾಯಗಳು ಗಾತ್ರದಲ್ಲಿ ದೊಡ್ಡವಾದ್ದರಿಂದ ಅಂಗದ ನಡುಭಾಗಕ್ಕೆ ಇಳಿಯಲು ಹಲವು ದಿನ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ.