ಸಾಂಬಾರಿನ ಉಪ್ಪು, ಬಾಣಲೆಯ ಎಣ್ಣೆ

ಪತ್ರಿಕೆಯ ಕೆಲಸಕ್ಕೆ ಕೈಹಾಕುವ ಮೊದಲು ನಾವು ಇದೇ ಪುಣೆಯಲ್ಲಿ ಹೊಟೇಲಿನ ಗಲ್ಲಾದ ಮೇಲೆ ಕುಳಿತವರೆಂಬುದು ವಾಚಕ ಬಂಧುಗಳಿಗೆ ತಿಳಿದೇ ಇದೆ. ಆ ದಿನಗಳಲ್ಲಿ ಒಂದು ಸಂಜೆ ನಮ್ಮ ಅಡುಗೆಯ ಭಟ್ಟರು ವಡೆ ಕರಿಯುವ ಬಾಣಲೆಯನ್ನು ತೋರಿಸಿ, “ಧಣಿಗಳೇ, ಈ ಎಣ್ಣೆ ಕೆಟ್ಟಿದೆ, ತೆಗೆದುಬಿಡೋಣ” ಎಂದರು. “ಭಟ್ಟರೇ, ಮೇಲೆ ಸ್ವಲ್ಪ ಹೊಸ ಎಣ್ಣೆ ಹೊಯ್ಯಿರಿ, ಸರಿಹೋಗುತ್ತದೆ” ಎಂದು ನಾವು ಉತ್ತರವಿತ್ತೆವು. ಅವರು ಮರುಮಾತಾಡದೆ ಹೊಯ್ದರು. ಎಸ್.ಎಸ್.ಎಲ್.ಸಿ.ಯವರೆಗೆ ಓದಿದ್ದ ನಮಗಿಂತ ಅವರ ಮೂಗೇ ಹೆಚ್ಚು ಬಲ್ಲುದಾಗಿತ್ತೆಂದು ನಮಗೆ ಅರಿವಾದುದು ಬಹಳ ತಡವಾಗಿ.

ಪಾಷಾಣದಲ್ಲಿ 1950ರ ಜನವರಿ 3ರಂದು ಉದ್ಘಾಟನೆಗೊಂಡ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮುಂದೆ ಹಾದುಹೋಗುವಾಗ, ಈ ಶಾಸ್ತ್ರ ನಮ್ಮಂಥವರದಲ್ಲವೆಂದು ಅನೇಕರು ಭಾವಿಸುವುದುಂಟು. ಆದರೆ ಅದರ ಒಂದು ಮುಖ್ಯ ಪಾಠ ನಮ್ಮ ಅಡುಗೆಮನೆಯಲ್ಲೇ ದಿನವೂ ನಡೆಯುತ್ತಿದೆ.

ಮೊದಲು ಸಾಂಬಾರಿನ ಪಾತ್ರೆಯನ್ನು ನೋಡೋಣ. ಪರಮಾಣುವಿನ ನಡುವಿನ ಬೀಜದ ಸುತ್ತ ಎಲೆಕ್ಟ್ರಾನುಗಳೆಂಬ ಋಣ ವಿದ್ಯುತ್ಕಣಗಳಿರುತ್ತವೆ. ಅಣುಗಳಲ್ಲಿ ಇವು ಸಾಮಾನ್ಯವಾಗಿ ಜೋಡಿಜೋಡಿಯಾಗಿರುತ್ತವೆ. ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಕೊಟ್ಟುಬಿಟ್ಟಿದೆ. ಕೊಟ್ಟದ್ದು ಧನ ವಿದ್ಯುತ್ತನ್ನೂ, ಪಡೆದದ್ದು ಋಣ ವಿದ್ಯುತ್ತನ್ನೂ ತಾಳುತ್ತವೆ. ಇವೇ ಅಯಾನುಗಳು. ಉಪ್ಪು ನೀರಿಗೆ ಬಿದ್ದಾಗ ನೀರಿನ ಅಣುಗಳು ಇವನ್ನು ಸುತ್ತುಗಟ್ಟಿ ಬೇರ್ಪಡಿಸುತ್ತವೆ. ನೀರಿನಲ್ಲಿ ಉಪ್ಪು ಅಯಾನುಗಳಾಗಿ ಬೇರ್ಪಡುತ್ತದೆಂದು ಸ್ವೀಡನ್ನಿನ ಅರೇನಿಯಸ್ 1884ರಲ್ಲಿ ಮಂಡಿಸಿದ ವಾದವನ್ನು ಅವನ ಗುರುಗಳೇ ಸರಿಯಾಗಿ ಒಪ್ಪಲಿಲ್ಲ. 1903ರಲ್ಲಿ ಅದೇ ಅವನಿಗೆ ನೊಬೆಲ್ ಪಾರಿತೋಷಕವನ್ನು ತಂದಿತು. ಉಪ್ಪಿನ ಎರಡು ಅಯಾನುಗಳಲ್ಲಿಯೂ ಉಳಿದ ಎಲೆಕ್ಟ್ರಾನುಗಳೆಲ್ಲ ಜೋಡಿಯಾಗಿಯೇ ಇರುವುದರಿಂದ ಅವು ಸಾಂಬಾರಿನಲ್ಲಿ ತಣ್ಣಗೆ ಇರುತ್ತವೆ.

ಇನ್ನು ಬಾಣಲೆಯ ಕಥೆ ಬೇರೆ. ಎಣ್ಣೆಯ ಅಣುವಿನಲ್ಲಿ ಪರಮಾಣುಗಳನ್ನು ಕೂಡಿಸುವ ಪ್ರತಿಯೊಂದು ಬಂಧವೂ ಎರಡು ಎಲೆಕ್ಟ್ರಾನುಗಳ ಪಾಲುಗಾರಿಕೆಯಿದ್ದಂತೆ. ಪಾಲುಗಾರಿಕೆ ಮುರಿದಾಗ ಒಬ್ಬನೇ ಎರಡನ್ನೂ ಒಯ್ದರೆ ಅಯಾನುಗಳು ಹುಟ್ಟುತ್ತವೆ. ಇಬ್ಬರೂ ಒಂದೊಂದನ್ನು ಹಂಚಿಕೊಂಡು ಹೋದರೆ ಇಬ್ಬರ ಬಳಿಯಲ್ಲಿಯೂ ಒಂಟಿ ಎಲೆಕ್ಟ್ರಾನು ಉಳಿಯುತ್ತದೆ. ಇಂಥ ಕಣಕ್ಕೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಗಾಂಬರ್ಗ್ ಎಂಬಾತ 1900ರಲ್ಲಿ ಇದನ್ನು ಮೊದಲು ತೋರಿಸಿಕೊಟ್ಟನು. ಅಯಾನಿನ ಗುರುತು ವಿದ್ಯುತ್ತು. ರ‍್ಯಾಡಿಕಲ್ಲಿನ ಗುರುತು ಒಂಟಿತನ. ಎರಡು ಗುರುತುಗಳನ್ನೂ ಹೊತ್ತ ಕಣಗಳೂ ಉಂಟು. ನಮ್ಮ ದೇಹದಲ್ಲಿಯೇ ಹುಟ್ಟುವ ಸೂಪರಾಕ್ಸೈಡ್ ಅಂಥದೊಂದು. ಆದರೆ ಬಾಣಲೆಯಲ್ಲಿ ಹಾವಳಿಯೆಬ್ಬಿಸುವವು ಬಹುತೇಕ ವಿದ್ಯುತ್ತಿಲ್ಲದ ರ‍್ಯಾಡಿಕಲ್ಲುಗಳೇ.

ಬಿಸಿಯಿಂದಲೋ ಬೆಳಕಿನಿಂದಲೋ, ತಾಮ್ರ ಕಬ್ಬಿಣಗಳ ಕಣಗಳ ಪ್ರಚೋದನೆಯಿಂದಲೋ ಎಣ್ಣೆಯ ಒಂದು ಅಣು ತನ್ನ ಜಲಜನಕದ ಪರಮಾಣುವನ್ನು ಕಳೆದುಕೊಂಡು ರ‍್ಯಾಡಿಕಲ್ ಆಗುತ್ತದೆ. ಗಾಳಿಯ ಆಮ್ಲಜನಕ ಕೂಡಲೇ ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಹುಟ್ಟಿದ ಹೊಸ ರ‍್ಯಾಡಿಕಲ್ ತನ್ನ ಒಂಟಿತನ ನೀಗಲು ನೆರೆಯ ಅಣುವಿನಿಂದ ಜಲಜನಕವನ್ನು ಕಸಿದುಕೊಂಡು ತಾನು ಪೆರಾಕ್ಸೈಡ್ ಆಗುತ್ತದೆ. ಈಗ ನೆರೆಯ ಅಣು ರ‍್ಯಾಡಿಕಲ್. ಎರಡು ರ‍್ಯಾಡಿಕಲ್ಲುಗಳು ಪರಸ್ಪರ ಕೂಡಿದಾಗ ಆ ಸರಪಳಿ ತುಂಡಾಗುತ್ತದೆ. ಆದರೆ ಪೆರಾಕ್ಸೈಡುಗಳು ಕಾವಿನಲ್ಲಿ ಒಡೆದು ಮತ್ತೆ ರ‍್ಯಾಡಿಕಲ್ಲುಗಳನ್ನು ಹುಟ್ಟಿಸುತ್ತವೆ. ಕಮಟು ವಾಸನೆಯ ಆಲ್ಡಿಹೈಡುಗಳು ಹುಟ್ಟುವುದೂ ಹೀಗೆಯೇ. ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆ ಮಂದವಾಗಿ ನೊರೆಯೇಳುತ್ತದೆ. ಅತಿಯಾಗಿ ಕಾದ ಎಣ್ಣೆಯಿಂದ ಅಕ್ರೋಲಿನ್ ಎಂಬ ಕಣ್ಣು ಗಂಟಲುಗಳನ್ನು ಉರಿಸುವ ಆವಿಯೂ ಹೊರಡುತ್ತದೆ. ನಮ್ಮ ಭಟ್ಟರ ಕಣ್ಣು ಸದಾ ಕೆಂಪಗಿರುತ್ತಿದ್ದುದನ್ನು ನಾವು ಈರುಳ್ಳಿಯ ಲೆಕ್ಕಕ್ಕೆ ಹಾಕಿದ್ದೆವು!

ಹಳೆಯ ಎಣ್ಣೆಯ ಮೇಲೆ ಹೊಸದನ್ನು ಹೊಯ್ದರೆ ಕೆಟ್ಟದ್ದು ತೆಳುವಾಗಿ ಕಂಡೀತು, ನಾಶವಾಗದು. ಹೊಸ ಎಣ್ಣೆಯಲ್ಲಿರುವ ‘ಈ’ ಜೀವಸತ್ವ ತನ್ನ ಜಲಜನಕವನ್ನು ಕೊಟ್ಟು ರ‍್ಯಾಡಿಕಲ್ಲುಗಳನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಅದು ತೀರಿದ ಬಳಿಕ ಹೊಸ ಎಣ್ಣೆಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕರಿದ ಎಣ್ಣೆಯಲ್ಲಿ ಈ ಬಗೆಯ ವಿಘಟಿತ ಪದಾರ್ಥಗಳು, ಅಂದರೆ ಒಟ್ಟು ಧ್ರುವೀಯ ಸಂಯುಕ್ತಗಳು, ಶೇಕಡಾ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ಸರಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಇದನ್ನು ಅಳೆಯುವ ಉಪಕರಣಗಳೂ ದೊರೆಯುತ್ತವೆ. ಉಪಕರಣವಿಲ್ಲದ ಚಿಕ್ಕ ಹೊಟೇಲುಗಳಲ್ಲಿ ಹೊಗೆಯೇಳುವಷ್ಟು ಕಾಯಿಸದಿರುವುದು, ಕರಿದು ಉಳಿದ ಚೂರುಗಳನ್ನು ಸೋಸಿ ತೆಗೆಯುವುದು, ಎಣ್ಣೆ ಆರಿದ ಮೇಲೆ ಮುಚ್ಚಿ ಬೆಳಕಿನಿಂದ ದೂರವಿಡುವುದು, ಬಣ್ಣ ವಾಸನೆ ನೊರೆಗಳು ಕೆಟ್ಟೊಡನೆ ಬದಲಿಸುವುದು, ಇಷ್ಟನ್ನಾದರೂ ಪಾಲಿಸಬಹುದು.

ಕಚೇರಿ ಬಿಟ್ಟು ಬಂದು ಒಂದು ಬಶಿ ವಡೆ ತಿನ್ನುವ ಗುಮಾಸ್ತ ಬಂಧುವಿಗೆ ಬಾಣಲೆ ಕಾಣಿಸುವುದಿಲ್ಲ. ಅವನು ನಮ್ಮನ್ನು ನಂಬಿ ತಿನ್ನುತ್ತಾನೆ. ಬಾಣಲೆಯ ಮುಂದೆ ನಿಂತವನಿಗೆ ಎಲ್ಲವೂ ಕಾಣುತ್ತದೆ, ಆದರೆ ಅವನಿಗೆ ಅಧಿಕಾರವಿಲ್ಲ. ಆದುದರಿಂದ ಮಾಲಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: “ಎಣ್ಣೆ ಕೆಟ್ಟಿದೆ” ಎಂದು ಭಟ್ಟರು ಹೇಳಿದ ದಿನ, ಗಲ್ಲಾದ ಮೇಲಿನಿಂದ ಉತ್ತರ ಕೊಡದೆ ಎದ್ದುಹೋಗಿ ಬಾಣಲೆಯನ್ನು ನೋಡಿರಿ. ನಾವು ಅಂದು ಹಾಗೆ ಮಾಡಲಿಲ್ಲ.