ಮೊದಲ ನಿಮಿಷದ ಪಾಠ

ಅಗ್ನಿಶಾಮಕ ದಳದ ಕೆಂಪು ಜಲವಾಹನ ಶಾಲೆಯ ಗೇಟಿನ ಎದುರು ಬಂದು ನಿಂತೇಬಿಟ್ಟಿತು. ಗೇಟು ಕಿರಿದು, ಎರಡೂ ಬದಿಗೆ ಕಲ್ಲಿನ ಕಂಬ. ಮಕ್ಕಳ ಕಣ್ಣೆಲ್ಲ ಗಾಡಿಯ ನೆತ್ತಿಯ ಮೇಲೆ ತಿರುಗುವ ದೀಪದತ್ತ. ಠಾಣಾಧಿಕಾರಿ ಮಾತ್ರ ಕೆಳಗಿಳಿದು ಎರಡು ಕಂಬಗಳ ನಡುವಿನ ಜಾಗವನ್ನು ಹೆಜ್ಜೆ ಹಾಕಿ ಅಳೆದರು. ಮುಖ್ಯೋಪಾಧ್ಯಾಯರನ್ನು ಪಕ್ಕಕ್ಕೆ ಕರೆದು, ‘ಸರ್, ನಾಳೆ ಇಲ್ಲಿ ಬೆಂಕಿ ಬಿದ್ದರೆ ನಮ್ಮ ಗಾಡಿ ಒಳಗೆ ಬರೋದಿಲ್ಲ’ ಎಂದರು. ತರಬೇತಿ ಶುರುವಾಗುವ ಮೊದಲೇ ಶಾಲೆ ಒಂದು ಪಾಠ ಕಲಿತಿತ್ತು.

ಜನವರಿ ಮುಗಿಯುತ್ತ ಬಂದ ದಿನ. ಹಾವೇರಿ ಜಿಲ್ಲೆಯ ಈ ಊರಿನಲ್ಲಿ ಗೋವಿನಜೋಳದ ರಾಶಿ ಮುಗಿದು, ಸೊಪ್ಪೆಯ ಬಣವೆಗಳು ಮನೆಗಳ ಬೆನ್ನಿಗೇ ಎದ್ದಿವೆ. ಕಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೆಂಪಗೆ ಹರಡಿಕೊಂಡಿದೆ. ಬೆಳಿಗ್ಗೆ ಎಂಟರೊಳಗೆ ಊರಿನ ದುಡಿಯುವ ಕೈಗಳೆಲ್ಲ ಹೊಲ ಸೇರುತ್ತವೆ. ಮನೆಯಲ್ಲಿ ಉಳಿಯುವವರು ಅಜ್ಜಿ ಮತ್ತು ತೊಟ್ಟಿಲ ಕೂಸು. ಶಾಲೆ ಬಿಟ್ಟು ಬಂದು, ಅವ್ವ ಹೊಲದಿಂದ ಮರಳುವ ತನಕ ಗ್ಯಾಸ್ ಹಚ್ಚಿ ಚಹಾ ಕಾಸುವುದು, ಅನ್ನಕ್ಕಿಡುವುದು ಒಂಬತ್ತನೇ ಹತ್ತನೇ ತರಗತಿಯ ಮಕ್ಕಳ, ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿನ ಕೆಲಸ. ತಾಲ್ಲೂಕು ಕೇಂದ್ರದ ಅಗ್ನಿಶಾಮಕ ಠಾಣೆಯಿಂದ ಗಾಡಿ ಹೊರಟರೆ ಇಲ್ಲಿಗೆ ಅರ್ಧ ಗಂಟೆಯ ದಾರಿ. ಪ್ರೌಢಶಾಲೆಯ ಮಕ್ಕಳಿಗೆ ಬೆಂಕಿ ಆರಿಸುವ ತರಬೇತಿ ಯಾಕೆ ಎಂದು ಕೇಳುವವರು ಈ ಅರ್ಧ ಗಂಟೆಯನ್ನು ಒಮ್ಮೆ ಯೋಚಿಸಬೇಕು. ಆ ಹೊತ್ತಿನಲ್ಲಿ ಮನೆಯೊಳಗೆ ಓಡಾಡಬಲ್ಲ ಅತಿ ದೊಡ್ಡ ಜೀವವೆಂದರೆ ಹದಿನಾಲ್ಕರ ಆ ಹುಡುಗಿಯೇ.

ಬೇವಿನ ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ, ಠಾಣಾಧಿಕಾರಿ ತಮ್ಮ ಮೊಬೈಲನ್ನು ಒಬ್ಬ ಹುಡುಗನ ಕೈಗೆ ಕೊಟ್ಟರು. ‘ನಾನು ಠಾಣೆಯಲ್ಲಿದ್ದೀನಿ. ನಿಮ್ಮನಿಗೆ ಬೆಂಕಿ ಬಿದ್ದೈತಿ. ಫೋನ್ ಮಾಡು.’

ಹುಡುಗ ಎದ್ದು ನಿಂತು ಕಿವಿಗೆ ಹಚ್ಚಿಕೊಂಡ. ‘ಸರ್, ಬೆಂಕಿ ಬಿದ್ದೈತ್ರಿ, ಲಗೂನ ಬರ್ರಿ!’ ಎಂದವನೇ ಫೋನು ಇಟ್ಟುಬಿಟ್ಟ.

‘ಎಲ್ಲಿಗೆ ಬರ್ಲಿ?’

ನಗು ಎದ್ದು ಅಡಗಿತು. ಅಧಿಕಾರಿ ನಗಲಿಲ್ಲ. ನಿಜವಾದ ಕರೆಗಳೂ ಹೀಗೇ ಬರುತ್ತವೆ ಎಂದರು. ಗಾಬರಿಯಲ್ಲಿ ಜನ ಊರಿನ ಹೆಸರನ್ನೇ ಹೇಳದೆ ಫೋನ್ ಇಡುತ್ತಾರೆ. 101ಕ್ಕೋ 112ಕ್ಕೋ ಕರೆ ಮಾಡಬೇಕು, ಊರು, ಓಣಿ, ಹತ್ತಿರದ ಗುಡಿಯನ್ನೋ ಶಾಲೆಯನ್ನೋ ಹೇಳಬೇಕು. ಉರಿಯುತ್ತಿರುವುದು ಮನೆಯೋ, ಬಣವೆಯೋ, ಗ್ಯಾಸೋ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರೋ ಎಂಬುದನ್ನೂ ತಿಳಿಸಬೇಕು. ಆ ಕಡೆಯವರು ‘ಸರಿ’ ಅನ್ನುವ ತನಕ ಫೋನ್ ಇಡಬಾರದು. ಆಮೇಲೆ ಒಬ್ಬರು ದೊಡ್ಡ ರಸ್ತೆಗೆ ಹೋಗಿ ನಿಂತು ಗಾಡಿಗೆ ದಾರಿ ತೋರಿಸಬೇಕು. ಐದಾರು ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಕರೆ ಮಾಡಿದರು. ಕೊನೆಯ ಹುಡುಗಿ ಎಷ್ಟು ಸ್ಪಷ್ಟವಾಗಿ ಹೇಳಿದಳೆಂದರೆ, ಆ ಊರನ್ನೇ ಕಾಣದ ಚಾಲಕನೂ ಅವಳ ಮನೆಯ ಕಟ್ಟೆಗೆ ಬಂದು ನಿಲ್ಲಬಹುದಿತ್ತು.

ಮೈದಾನದ ನಡುವೆ ತಗಡಿನ ತಟ್ಟೆ. ತಳದಲ್ಲಿ ನೀರು, ಮೇಲೆ ತೆಳುವಾಗಿ ಡೀಸೆಲ್, ಒಂದಿಷ್ಟು ಪೆಟ್ರೋಲು. ಉದ್ದ ಕೋಲಿನ ಪಂಜು ತಾಗಿದ್ದೇ ತಡ, ಉರಿ ಎದೆಯೆತ್ತರ ಎದ್ದಿತು. ಮುಂದಿನ ಸಾಲಿನ ಮಕ್ಕಳು ತಾವಾಗಿಯೇ ಎರಡು ಹೆಜ್ಜೆ ಹಿಂದೆ ಸರಿದರು. ಒಲೆಯ ಬೆಂಕಿ, ದೀಪದ ಬೆಂಕಿ, ಹೋಳಿಯ ಬೆಂಕಿ ನೋಡಿದ ಮಕ್ಕಳಿವರು. ಕಟ್ಟು ಹರಿದುಕೊಂಡ ಬೆಂಕಿಯ ಝಳ ಮುಖಕ್ಕೆ ಬಡಿದದ್ದು ಅನೇಕರಿಗೆ ಅಂದೇ ಮೊದಲು.

ನಾನು ಕಂಡ ಇಂಥ ಹಲವು ಕಾರ್ಯಕ್ರಮಗಳಲ್ಲಿ ಮಕ್ಕಳು ಸಾಲಾಗಿ ಕೂತಿರುತ್ತಾರೆ, ಸಿಬ್ಬಂದಿಯೊಬ್ಬರು ಬೆಂಕಿ ಆರಿಸುತ್ತಾರೆ, ಚಪ್ಪಾಳೆ ಬೀಳುತ್ತದೆ, ಫೋಟೊ ತೆಗೆಯುತ್ತಾರೆ. ಅದು ಪ್ರದರ್ಶನ, ತರಬೇತಿ ಅಲ್ಲ. ಇಲ್ಲಿ ಮಾತ್ರ ಅಧಿಕಾರಿ ಅಗ್ನಿನಂದಕವನ್ನು ಮಕ್ಕಳ ಕೈಗೇ ಕೊಟ್ಟರು. ಜಡೆ ಮೇಲಕ್ಕೆ ಕಟ್ಟಿಸಿದರು, ನೈಲಾನ್ ವೇಲ್ ತೆಗೆಸಿದರು, ಗಾಳಿ ಬೆನ್ನಿಗಿರುವಂತೆ ನಿಲ್ಲಿಸಿದರು. ಪಕ್ಕದಲ್ಲಿ ಇಬ್ಬರು ಸಿಬ್ಬಂದಿ ನೀರಿನ ಪೈಪು ಹಿಡಿದು ಸಜ್ಜಾಗಿ ನಿಂತಿದ್ದರು. ಒಂದು ಸಲಕ್ಕೆ ಒಬ್ಬರು.

ನಂದಕದ ಕೆಲಸ ಕೇಳಲು ಸುಲಭ. ಪಿನ್ ಎಳೆ, ಮೂತಿಯನ್ನು ಬೆಂಕಿಯ ಬುಡಕ್ಕೆ ಹಿಡಿ, ಹಿಡಿಕೆ ಒತ್ತು, ಎಡಬಲ ಬೀಸು. ಮೊದಲ ಹುಡುಗ ಪಿನ್ ಎಳೆಯುವುದರಲ್ಲೇ ತೊಡರಿದ. ಹಿಡಿಕೆಯನ್ನು ಬಿಗಿಯಾಗಿ ಹಿಸುಕಿಕೊಂಡೇ ಪಿನ್ ಜಗ್ಗುತ್ತಿದ್ದ. ಹಾಗೆ ಹಿಸುಕಿದರೆ ಅದು ಬರುವುದೇ ಇಲ್ಲ. ಬಂದ ಮೇಲೆ ಪುಡಿಯನ್ನು ಜ್ವಾಲೆಯ ನೆತ್ತಿಗೆ ಹೊಡೆದ. ಬಿಳಿ ಮೋಡ ಹಾರಿಹೋಯಿತು, ಬೆಂಕಿ ಇದ್ದಲ್ಲೇ ಇತ್ತು. ‘ಬುಡಕ್ಕ ಹೊಡಿ, ಬುಡಕ್ಕ!’ ಎಂದು ಹಿಂದಿನಿಂದ ಕೂಗು. ಮೂತಿ ಬಾಗಿಸಿದ ಕೂಡಲೇ ಉರಿ ಕುಸಿಯಿತು. ಗೆದ್ದ ಖುಷಿಗೆ ಬೆನ್ನು ತಿರುಗಿಸಿ ಓಡಿಬರುತ್ತಿದ್ದವನನ್ನು ಅಧಿಕಾರಿ ಅಲ್ಲೇ ತಡೆದರು. ಆರಿದಂತೆ ಕಂಡ ಬೆಂಕಿಗೆ ಬೆನ್ನು ಹಾಕಬಾರದು. ಅದನ್ನು ನೋಡುತ್ತಲೇ ಹಿಂದೆ ಹಿಂದೆ ಸರಿಯಬೇಕು. ಹುಡುಗ ಮತ್ತೆ ಹೋಗಿ, ಹಾಗೆಯೇ ಹಿಂದಕ್ಕೆ ನಡೆದುಬಂದ.

ಇಂಥ ನಂದಕದಲ್ಲಿ ಪುಡಿ ಬರುವುದು ಹದಿನೈದು ಇಪ್ಪತ್ತು ಸೆಕೆಂಡಿನಷ್ಟು. ಪಿನ್ ಎಲ್ಲಿದೆ ಎಂದು ಬೆಂಕಿಯ ಎದುರು ನಿಂತು ಹುಡುಕುವಷ್ಟು ಸಮಯ ಅದರಲ್ಲಿಲ್ಲ. ಎಷ್ಟೋ ಶಾಲೆಗಳಲ್ಲಿ ನಂದಕ ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯಲ್ಲಿದೆ, ಕೋಣೆಗೆ ಬೀಗವಿದೆ. ಒಂದೇ ಒಂದು ಸಲ ಪಿನ್ ಎಳೆದ ಕೈಗೂ ಎಂದೂ ಎಳೆಯದ ಕೈಗೂ ಎಷ್ಟು ಅಂತರ ಎಂಬುದನ್ನು ಆ ಮೈದಾನದಲ್ಲಿ ನಾನು ಕಣ್ಣಾರೆ ಕಂಡೆ. ಎರಡನೇ ಸುತ್ತಿಗೆ ಬಂದ ಅದೇ ಹುಡುಗ ಯಾರೂ ಹೇಳದೆ ಮೊದಲು ನೋಡಿದ್ದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು.

ಅಕ್ಷರ ದಾಸೋಹದ ಅಡುಗೆಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತದ್ದು ಗ್ಯಾಸಿನ ಪಾಠದ ಹೊತ್ತಿಗೆ. ‘ಮನಿಯೊಳಗ ಗ್ಯಾಸ್ ವಾಸನಿ ಬಂದ್ರ ಮೊದಲ ಏನ್ ಮಾಡ್ತೀರಿ?’ ಎಂಬ ಪ್ರಶ್ನೆಗೆ, ‘ಲೈಟ್ ಹಾಕಿ ನೋಡ್ತೀವ್ರಿ’ ಎಂದು ಒಕ್ಕೊರಲಿನ ಉತ್ತರ. ಅಧಿಕಾರಿ ತಲೆಯಾಡಿಸಿದರು. ಸ್ವಿಚ್ಚಿನೊಳಗೆ ಹುಟ್ಟುವ ಸಣ್ಣ ಕಿಡಿ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ, ಮೇಲೇರಿ ಹೋಗದೆ ನೆಲದ ಮೇಲೆ ಹಾಸಿಕೊಳ್ಳುತ್ತದೆ. ಅದಕ್ಕೆ ತನ್ನದೇ ವಾಸನೆಯಿಲ್ಲ; ಸೋರಿದರೆ ತಿಳಿಯಲೆಂದೇ ನಾರುವ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಸಿಲಿಂಡರಿನ 14.2 ಕಿಲೋ ದ್ರವ ಅನಿಲವಾದರೆ ಸುಮಾರು ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಹಾಗಾಗಿ ಸ್ವಿಚ್ಚು ಮುಟ್ಟದೆ ರೆಗ್ಯುಲೇಟರ್ ತಿರುವಬೇಕು, ಕಿಟಕಿ ಬಾಗಿಲು ತೆರೆಯಬೇಕು, ಎಲ್ಲರೂ ಹೊರಗೆ ಬರಬೇಕು.

ಆಮೇಲೆ ಸಿಲಿಂಡರಿನ ಬಾಯಿಗೆ ಬೆಂಕಿ ಹಚ್ಚಿದರು. ಉರಿ ಬುಸ್ಸೆಂದು ಎದ್ದಾಗ ಹಿಂದಿನ ಸಾಲು ಪೂರ್ತಿ ಎದ್ದು ನಿಂತಿತು. ಅಗ್ನಿಶಾಮಕರೊಬ್ಬರು ನೀರಲ್ಲಿ ಅದ್ದಿದ ಗೋಣಿಚೀಲವನ್ನು ಎರಡೂ ತುದಿ ಹಿಡಿದು ತಮ್ಮ ಮುಖಕ್ಕೆ ಮರೆಯಾಗಿಸಿಕೊಂಡು ಹತ್ತಿರ ನಡೆದರು. ತಮ್ಮ ಕಡೆಯಿಂದ ಆಚೆಗೆ ಚೀಲವನ್ನು ಹಾಸಿದರು, ಒಂದು ಕೈ ಒಳಗೆ ಹೋಗಿ ವಾಲ್ವ್ ತಿರುವಿತು. ಮುಗಿಯಿತು. ಅದನ್ನು ಮತ್ತೆ ಮಾಡಿ ತೋರಿಸಲು ಮುಂದೆ ಬಂದವರು ಅಡುಗೆಯ ಅಮ್ಮ. ದಿನವೂ ಮಕ್ಕಳ ಅನ್ನ ಬೇಯಿಸುವ ಆ ಕೈ ಸ್ವಲ್ಪವೂ ನಡುಗಲಿಲ್ಲ.

ಮಿರ್ಚಿ ಕರಿಯುವ ಎಣ್ಣೆಯ ಪಾಠವನ್ನು ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ, ಅದು ಸರಿ. ಹೊತ್ತಿಕೊಂಡ ಬಾಣಲೆಗೆ ಉದ್ದ ಕೋಲಿನ ತುದಿಗೆ ಕಟ್ಟಿದ ಲೋಟದಿಂದ ನೀರು ಸುರಿದಾಗ, ಬೆಂಕಿಯ ಉಂಡೆ ಮರದ ಕೊಂಬೆಯತ್ತ ನೆಗೆಯಿತು. ನೀರು ಎಣ್ಣೆಯ ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ, ಉರಿವ ಎಣ್ಣೆಯನ್ನು ಮೇಲಕ್ಕೆಸೆಯುತ್ತದೆ. ಮತ್ತೊಂದು ಬಾಣಲೆಗೆ ತಟ್ಟೆ ಮುಚ್ಚಿದರು. ಅದು ಸದ್ದಿಲ್ಲದೆ ಆರಿತು.

ಕಂಪ್ಯೂಟರ್ ಕೋಣೆಯ ಕಿಟಕಿಗಳನ್ನು ಮುಚ್ಚಿ, ಮಕ್ಕಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಬೆಂಚುಗಳ ನಡುವೆ ತೆವಳಿಸಿದ ಪಾಠ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಬೆಂಕಿಯಲ್ಲಿ ಸಾಯುವವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಹೊಗೆ. ಹೊಗೆ ಮೇಲೇರುತ್ತದೆ, ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ ಉಳಿಯುತ್ತದೆ. ಒಂದು ಕೈ ಗೋಡೆಗೆ ತಾಗಿಸಿ, ಅದನ್ನು ಬಿಡದೆ, ಮೊಣಕಾಲ ಮೇಲೆ ಬಾಗಿಲ ತನಕ. ಬಾಗಿಲನ್ನು ಅಂಗೈಯಿಂದ ಮುಟ್ಟದೆ ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡು, ಸುಡುತ್ತಿದ್ದರೆ ತೆರೆಯಬೇಡ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗಬೇಡ. ಪಾಟಿಚೀಲಕ್ಕೂ ಇಲ್ಲ, ಫೋನಿಗೂ ಇಲ್ಲ.

‘ಎಮ್ಮಿ ಕಟ್ಟಿತ್ತಂದ್ರ ಸರ್?’

ಈ ಪ್ರಶ್ನೆಗೆ ಅಧಿಕಾರಿ ಕೂಡಲೇ ಉತ್ತರಿಸಲಿಲ್ಲ. ಇಲ್ಲಿ ಎಮ್ಮೆಯೆಂದರೆ ಮನೆಯ ಹಾಲು, ಅಕ್ಕನ ಮದುವೆಯ ದುಡ್ಡು. ಹೊಗೆ ತುಂಬಿದ ಕೊಟ್ಟಿಗೆಗೆ ಹೋಗುವಂತಿಲ್ಲ ಎಂದು ಹೇಳಿ, ಅಷ್ಟಕ್ಕೇ ಬಿಡದೆ ತಮ್ಮ ಸಿಬ್ಬಂದಿಯನ್ನು ಕರೆದು ಹಗ್ಗ ತರಿಸಿದರು. ತುದಿ ಹಿಡಿದು ಜಗ್ಗಿದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟನ್ನು ಗೂಟಕ್ಕೆ ಹಾಕಿ ತೋರಿಸಿದರು. ಗಂಡುಮಕ್ಕಳೆಲ್ಲ ಅದನ್ನು ಕಲಿಯುವ ತನಕ ಹಗ್ಗ ಬಿಡಲಿಲ್ಲ.

ಬಣವೆಯ ಮಾತು ಬಂದಾಗ ಬೇವಿನ ನೆರಳಿಗೆ ಊರಿನ ಹಿರಿಯರೂ ಬಂದು ಕೂತಿದ್ದರು. ಬೇಸಿಗೆಯಲ್ಲಿ ಈ ಸೀಮೆಯ ಠಾಣೆಗಳಿಗೆ ಬಣವೆಯ ಕರೆ ತಪ್ಪಿದ್ದಲ್ಲ. ಜಲವಾಹನದಲ್ಲಿರುವ ನಾಲ್ಕೂವರೆ ಸಾವಿರ ಲೀಟರ್ ನೀರು ಪೈಪಿನ ಬಾಯಿ ಪೂರ್ತಿ ತೆರೆದರೆ ಕೆಲವೇ ನಿಮಿಷದ ಮಾತು, ಬಣವೆಯ ಒಡಲೊಳಗಿನ ಕೆಂಡಕ್ಕೆ ಅದು ತಲುಪುವುದೂ ಇಲ್ಲ. ಮೇವನ್ನು ಕೊಕ್ಕೆಯಿಂದ ಎಳೆದು ಹರಡಿ ತೋಯಿಸಬೇಕು, ಪಕ್ಕದ ಬಣವೆಯನ್ನು ಮೊದಲೇ ನೆನೆಸಬೇಕು. ಅದಕ್ಕಿಂತ ಮುಂಚಿನ ಕೆಲಸ ಊರಿನವರದು: ವಿದ್ಯುತ್ ತಂತಿಯ ಕೆಳಗೆ ಬಣವೆ ಒಟ್ಟಬಾರದು, ಮನೆಯ ಗೋಡೆಗೆ ತಾಗಿಸಬಾರದು, ಎರಡು ಬಣವೆಗಳ ನಡುವೆ ದೊಡ್ಡ ಅಂತರ ಬಿಡಬೇಕು. ಅಜ್ಜನೊಬ್ಬರು, ಜಾಗ ಎಲ್ಲೈತ್ರಿ ಎಂದು ಕೇಳಿದರು. ಆ ಪ್ರಶ್ನೆಯೂ ನಿಜವೇ. ಊರಿನ ಹೊರಗೆ ಸಾಮೂಹಿಕ ಬಣವೆಗಳಿಗೆ ಜಾಗ ಗುರುತಿಸುವುದು ಗ್ರಾಮ ಪಂಚಾಯಿತಿಯಿಂದ ಆಗಬಹುದಾದ ಕೆಲಸ.

ಇಷ್ಟೆಲ್ಲ ಕಲಿಸಲು ದೇಶದಲ್ಲಿ ಒಂದು ವಾರವೇ ಇದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಅಗ್ನಿಶಾಮಕರು ಪ್ರಾಣ ಬಿಟ್ಟರು. ಅವರ ನೆನಪಿಗೆ ಏಪ್ರಿಲ್ 14ರಿಂದ 20ರ ತನಕ ಅಗ್ನಿಶಾಮಕ ಸೇವಾ ಸಪ್ತಾಹ. ಆದರೆ ಕರ್ನಾಟಕದ ಶಾಲೆಗಳಿಗೆ ಆಗ ಬೇಸಿಗೆ ರಜೆ. ಬಣವೆ ಹೊತ್ತುವ ಕಾಲ ಅಷ್ಟರಲ್ಲಿ ಶುರುವಾಗಿಯೂ ಬಿಟ್ಟಿರುತ್ತದೆ. ಪ್ರೌಢಶಾಲೆಗಳಿಗೆ ಈ ತರಬೇತಿ ಜನವರಿಯಲ್ಲೇ ನಡೆಯಬೇಕು, ಪ್ರತಿ ವರ್ಷ, ಪ್ರತಿ ತರಗತಿಗೆ ಎಂಬುದು ನನ್ನ ಬಲವಾದ ನಂಬಿಕೆ.

ಮಕ್ಕಳ ಪ್ರಾಣದ ರೂಪದಲ್ಲಿ ಈ ದೇಶ ಸಾಕಷ್ಟು ಬೆಲೆ ತೆತ್ತಿದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ 92 ಜನ ಸತ್ತರು, ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರಿನಲ್ಲಿ ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಸಮಾರಂಭದ ಪೆಂಡಾಲು ಹೊತ್ತಿ ಉರಿದು 400ಕ್ಕೂ ಹೆಚ್ಚು ಜನ ಹೋದರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯ ಕಿಡಿ ಗರಿಯ ಮಾಡಿಗೆ ಹಾರಿ 94 ಮಕ್ಕಳು ಬೆಂದುಹೋದರು. ಆ ದುರಂತದ ಬಳಿಕ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಶಿಕ್ಷಣದ ಹಕ್ಕಿನೊಳಗೆ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ಹೇಳಿ, ಶಾಲೆಗಳಲ್ಲಿ ನಂದಕಗಳಿರಬೇಕು, ಶಿಕ್ಷಕರಿಗೆ ಅವನ್ನು ಬಳಸಲು ತರಬೇತಿ ಬೇಕು ಎಂದು ಆದೇಶಿಸಿತು. ನಂದಕ ಅನೇಕ ಕಡೆ ಬಂದಿದೆ. ತರಬೇತಿ ಅದರ ಹಿಂದೆಯೇ ಬರಬೇಕಿತ್ತು.

ಕೊನೆಗೆ ಹೋಸ್ ಪೈಪಿನ ಸರದಿ. 15 ಮೀಟರ್ ಉದ್ದದ ಪೈಪಿಗೆ ನೀರು ನುಗ್ಗಿದ ಕೂಡಲೇ ಅದು ಹೆಬ್ಬಾವಿನ ಹಾಗೆ ಉಬ್ಬಿ ಹೊರಳಿತು. ಇಬ್ಬರು ಹಿಡಿದರೂ ಹಿಂದಕ್ಕೆ ತಳ್ಳುತ್ತಿತ್ತು. ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಒಬ್ಬಳ ಬೆನ್ನಿಗೆ ಮತ್ತೊಬ್ಬಳ ಹೆಗಲು ಆನಿಸಿ ನಿಂತು ಮೈದಾನದಾಚೆಯ ಕಂಬಕ್ಕೆ ಗುರಿಯಿಟ್ಟರು. ಇಳಿಸಿದ ಮೇಲೆ ಅವರಲ್ಲೊಬ್ಬಳು, ‘ಸರ್, ಹುಡುಗ್ಯಾರು ಈ ಕೆಲಸಕ್ಕ ಬರಬಹುದೇನ್ರಿ?’ ಎಂದಳು. ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿಗೆ 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಎಂಬ ಯುವತಿ ಸೇರಿದ ಕತೆಯನ್ನು ಅಧಿಕಾರಿ ಹೇಳಿದರು. ಗಂಡಸರೇ ಇದ್ದ ಆ ಕಾಲೇಜಿನ ಮೊದಲ ವಿದ್ಯಾರ್ಥಿನಿ ಆಕೆ, ದೇಶದ ಮೊದಲ ಮಹಿಳಾ ಅಗ್ನಿಶಾಮಕಿ. ಹುಡುಗಿ ಆ ಹೆಸರನ್ನು ಎರಡು ಸಲ ಕೇಳಿ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಹೊರಡುವ ಮುನ್ನ ಎಲ್ಲರಿಗೂ ಮನೆಗೆಲಸ ಕೊಟ್ಟರು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಅಕ್ಷರ ಮತ್ತು ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಹೀಗೆ ಡಿ ತನಕ, ಅಂಕಿ ಇಸವಿಯದು. ಆ ಸಿಲಿಂಡರಿಗೆ ಮತ್ತೆ ಪರೀಕ್ಷೆ ಆಗಬೇಕಾದ ಗಡುವು ಅದು. ಗಡುವು ದಾಟಿದ ಸಿಲಿಂಡರ್ ಬಂದರೆ ಇಳಿಸಿಕೊಳ್ಳಬಾರದು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಮೇಲೂ ಇಸವಿ ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಎರಡನ್ನೂ ಓದಿ ನೋಟುಬುಕ್ಕಿನಲ್ಲಿ ಬರೆದು ತರಬೇಕು.

ಮರುದಿನ ವಿಜ್ಞಾನ ಶಿಕ್ಷಕಿಯ ಮೇಜಿನ ಮೇಲೆ ನೋಟುಬುಕ್ಕುಗಳು ಒಟ್ಟಾದವು. ಕೆಲವರ ಮನೆಯ ಟ್ಯೂಬಿನ ಇಸವಿ ಅಳಿಸಿಹೋಗಿತ್ತು, ಕೆಲವರದು ಐದು ವರ್ಷ ದಾಟಿತ್ತು. ಶಿಕ್ಷಕಿ ಆ ಮನೆಗಳ ಪಟ್ಟಿ ಮಾಡಿ, ಗ್ಯಾಸ್ ವಿತರಕರ ಗಾಡಿ ಊರಿಗೆ ಬರುವ ದಿನ ಹೊಸ ಟ್ಯೂಬುಗಳನ್ನೂ ತರುವಂತೆ ಫೋನ್ ಮಾಡಿದರು. ಗೇಟಿನ ಒಂದು ಕಂಬ ಕಿತ್ತು ದಾರಿ ಅಗಲಿಸುವ ವಿಷಯ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಯಿತು.