ಹಿಂಜವಾಡಿಯ ಮನೆಯಲ್ಲಿ ಚಮಚ ಮೀನಾದ ಕಥೆ

ಊರಿನಿಂದ ವಯಸ್ಸಾದ ತಂದೆ-ತಾಯಿಯನ್ನು ಕರೆತಂದು ಜತೆಯಲ್ಲಿ ಇರಿಸಿಕೊಂಡಿರುವ ಪುಣೆಯ ಕನ್ನಡಿಗರಿಗೆ ಒಂದು ಸಮಸ್ಯೆ ಚೆನ್ನಾಗಿ ಗೊತ್ತು. ಹೊತ್ತುಹೊತ್ತಿಗೆ ಊಟ, ಔಷಧ, ಟಿವಿ ಎಲ್ಲವೂ ಇರುತ್ತದೆ. ಆದರೆ ಜೀವಮಾನವಿಡೀ ದುಡಿದ ಕೈಗಳಿಗೆ ಕೆಲಸವೇ ಇರುವುದಿಲ್ಲ.

ನಮ್ಮ ತಂದೆಯವರಿಗೆ ಈಗ 82 ವರ್ಷ. ಗಂಗೊಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ದೋಣಿಯಲ್ಲಿ ದುಡಿದು ನಮ್ಮನ್ನು ಸಾಕಿದವರು. ನಾನು ಹದಿನೆಂಟನೇ ವಯಸ್ಸಿನಲ್ಲಿ ಪುಣೆಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಗುಮಾಸ್ತನಾದೆ. ಮಗನಿಗೆ ಐಟಿ ಪಾರ್ಕಿನಲ್ಲಿ ಉದ್ಯೋಗವಾದ್ದರಿಂದ ನಮ್ಮ ವಾಸ ಹಿಂಜವಾಡಿಯ ಒಂದು ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ. ತಾಯಿ ತೀರಿಕೊಂಡ ಮೇಲೆ ತಂದೆಯವರನ್ನೂ ಇಲ್ಲಿಗೆ ಕರೆತಂದೆವು. ಬಂದವರು ಆರು ತಿಂಗಳು ಬಾಲ್ಕನಿಯ ಕುರ್ಚಿ ಬಿಟ್ಟು ಏಳಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ.

ಒಂದು ಭಾನುವಾರ ಅವರೇ ಬಾಯಿ ಬಿಟ್ಟರು. “ಮಗಾ, ಒಂದ್ ಕೆ.ಜಿ. ಸೀಸ ತಕಂಡ್ ಬಾ. ಗಾಳಕ್ಕೆ ಕಳ್ಳ ಮೀನ್ ಮಾಡುವ.”

ಕಳ್ಳ ಮೀನು ಎಂದರೆ ಲೋಹದ ಸುಳ್ಳು ಮೀನು. ಅಂಗಡಿಯಲ್ಲಿ ಇದಕ್ಕೆ ಲೂರ್ ಅಥವಾ ಸ್ಪೂನ್ ಎನ್ನುತ್ತಾರೆ. ತಂದೆಯವರ ಕಾಲದಲ್ಲಿ ಸೀಸ ಕರಗಿಸಿ, ಅಚ್ಚಿನಲ್ಲಿ ಹೊಯ್ದು, ಉಜ್ಜಿ ಹೊಳಪು ಮಾಡಿ, ಕೊಕ್ಕೆಗೆ ಹುಂಜದ ಗರಿ ಕಟ್ಟಿ ಓಡುವ ದೋಣಿಯ ಹಿಂದೆ ಎಳೆಯುತ್ತಿದ್ದರು. ಎರೆ ಇಲ್ಲದಿದ್ದರೂ ಅಂಜಲ್ ಮೀನು ಹಾರಿ ಬಂದು ಕಚ್ಚುತ್ತಿತ್ತಂತೆ. ಬೇಟೆಯಾಡುವ ಮೀನಿಗೆ ಸಣ್ಣ ಮೀನಿನ ಹೊಳಪು ಕಣ್ಣಿಗೆ ಬಿದ್ದರೆ ಸಾಕು. ಅದರಲ್ಲೂ ಗಾಯಗೊಂಡ ಮೀನಿನಂತೆ ಹೊರಳಾಡುತ್ತಾ ಹೋದರೆ ಬಿಡುವುದೇ ಇಲ್ಲ. ನೀರಿನ ಆ ಅಲುಗಾಟವನ್ನು ಮೀನು ತನ್ನ ಮೈಬದಿಯ ಗೆರೆಯಿಂದಲೂ ತಿಳಿಯುತ್ತದೆ.

ತಂದೆ ಕೇಳಿದ್ದು ಅಪರೂಪಕ್ಕೆ. ಆದರೂ ನಾನು ಸೀಸ ತರುವುದಿಲ್ಲ ಎಂದುಬಿಟ್ಟೆ. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ಇದರಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್ನಿನಲ್ಲಿ ಗಾಳದವರು ಬಿಟ್ಟುಹೋದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಲ್ಲಿ ಅಂತಹ ಸಣ್ಣ ತೂಕಗಳ ಮಾರಾಟವನ್ನೇ ನಿಷೇಧಿಸಿದರು. ಇದನ್ನೆಲ್ಲ ವಿವರಿಸಿದರೆ ತಂದೆ, “ನಾ ಎಂಬತ್ತೆರಡ್ ವರ್ಷ ಬದುಕಲಿಲ್ಯಾ?” ಎಂದು ಎದ್ದು ಹೋದರು. ಎರಡು ದಿನ ಮಾತಿಲ್ಲ.

ಮೂರನೆಯ ದಿನ ನನಗೆ ಹೊಳೆದದ್ದು ಅಡುಗೆಮನೆಯ ಹಳೆಯ ಸ್ಟೀಲ್ ಚಮಚ. ಇದೇನೂ ನನ್ನ ಬುದ್ಧಿವಂತಿಕೆಯಲ್ಲ. ಅಮೆರಿಕದ ಜೂಲಿಯೊ ಬ್ಯೂಯೆಲ್ ಎಂಬವರು ಚಮಚದ ಆಕಾರದ ಗಾಳಕ್ಕೆ 1852ರಲ್ಲೇ ಪೇಟೆಂಟ್ ಪಡೆದಿದ್ದರು. ದೋಣಿಯಲ್ಲಿ ತಿಂಡಿ ತಿನ್ನುವಾಗ ಅವರ ಕೈಜಾರಿದ ಚಮಚವನ್ನು ಮೀನೊಂದು ಬೆನ್ನಟ್ಟಿತೆಂದು ಕಥೆಯಿದೆ. ನಮ್ಮ ಕರಾವಳಿಗೂ ಈ ವಿದ್ಯೆಯ ನಂಟು ಹಳೆಯದು. ಬ್ರಿಟಿಷ್ ಅಧಿಕಾರಿ ಎಚ್. ಎಸ್. ಥಾಮಸ್ ಬರೆದ, ಭಾರತದ ಗಾಳದ ಮೀನುಗಾರಿಕೆಯ ಪ್ರಸಿದ್ಧ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ!

ಚಮಚವನ್ನು ತಂದೆಯವರ ಮುಂದಿಟ್ಟೆ. ತಿರುಗಿಸಿ ತಿರುಗಿಸಿ ನೋಡಿ “ಅರ ಇತ್ತಾ?” ಎಂದರು. ಅಲ್ಲಿಗೆ ರಾಜಿಯಾಯಿತು.

ಮಾಡುವ ಕ್ರಮ ಹೀಗೆ. ಚಮಚದ ಹಿಡಿಯನ್ನು ಲೋಹ ಕತ್ತರಿಸುವ ಗರಗಸದಿಂದ ಕೊಯ್ದು, ಅಂಚನ್ನು ಅರದಿಂದ ನುಣುಪಾಗಿ ಉಜ್ಜಬೇಕು. ಒರಟು ಅಂಚು ಉಳಿದರೆ ಬೆರಳನ್ನೂ ದಾರವನ್ನೂ ಕೊಯ್ಯುತ್ತದೆ. ಎರಡೂ ತುದಿಗಳಲ್ಲಿ ಒಂದೊಂದು ತೂತು. ಸ್ಟೀಲ್ ಗಟ್ಟಿ, ಆದ್ದರಿಂದ ಮೊದಲು ಮೊಳೆಯಿಂದ ಗುರುತು ಹೊಡೆದು, ಒಂದೆರಡು ಹನಿ ಎಣ್ಣೆ ಬಿಟ್ಟು, ಡ್ರಿಲ್ಲನ್ನು ನಿಧಾನವಾಗಿ ಓಡಿಸಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ. ಹಿತ್ತಾಳೆ, ತಾಮ್ರ ಇನ್ನೂ ಸುಲಭ. ತಾಮ್ರದ ಕೆಲಸಕ್ಕೆ ಹೆಸರಾದ ಪುಣೆಯ ತಾಂಬಟ್ ಆಳಿಯನ್ನು ತಂದೆಯವರಿಗೆ ತೋರಿಸಿದಾಗ ಅವರು ಅರ್ಧ ದಿನ ಅಲ್ಲಿಂದ ಕದಲಲಿಲ್ಲ.

ಗುಳಿ ಹೆಚ್ಚಿದ್ದರೆ ಚಮಚ ನೀರಿನಲ್ಲಿ ಅತ್ತಿತ್ತ ಹೊರಳುತ್ತದೆ. ಚಪ್ಪಟೆಯಾಗಿದ್ದರೆ ವೇಗವಾಗಿ ಎಳೆಯಬೇಕಾಗುತ್ತದೆ. ದಪ್ಪ ಲೋಹ ದೂರ ಹೋಗಿ ಆಳಕ್ಕೆ ಇಳಿದರೆ, ತೆಳುವಾದದ್ದು ಮೇಲುಮೇಲೆ ನಿಧಾನವಾಗಿ ತೇಲಾಡುತ್ತದೆ. ಮುಂದಿನ ತೂತಿಗೆ ಕೀಚೈನಿನಲ್ಲಿರುವಂತಹ ಪುಟ್ಟ ಉಂಗುರ, ಅದಕ್ಕೆ ದಾರ ಹೊಸೆದುಕೊಳ್ಳದಂತೆ ತಿರುಗುವ ಸ್ವಿವೆಲ್. ಹಿಂದಿನ ತೂತಿಗೆ ಇನ್ನೊಂದು ಉಂಗುರ ಮತ್ತು ಕೊಕ್ಕೆ.

ಕೊಕ್ಕೆಯ ಸಿಂಗಾರವೇ ನಿಜವಾದ ಕೈಚಳಕ. ಕೋಳಿ ಅಂಗಡಿಯಿಂದ ತಂದ ಹುಂಜದ ಕುತ್ತಿಗೆಯ ಗರಿಗಳನ್ನು ಸಾಬೂನಿನಲ್ಲಿ ತೊಳೆದು ಒಣಗಿಸಿಟ್ಟುಕೊಳ್ಳಬೇಕು. ಮೈಯ ಗರಿ ಅಗಲ, ಕೆಲಸಕ್ಕೆ ಬಾರದು. ಕುತ್ತಿಗೆಯದು ಸಪೂರ, ಹೊಳಪು, ನೀರಿನಲ್ಲಿ ಉಸಿರಾಡಿದಂತೆ ಅಲುಗುತ್ತದೆ. ಕೊಕ್ಕೆಯನ್ನು ಸಣ್ಣ ವೈಸಿನಲ್ಲಿ ಬಿಗಿದು, ಕಡ್ಡಿಯ ಮೇಲೆ ಕೆಂಪು ನೂಲನ್ನು ಒತ್ತೊತ್ತಾಗಿ ಸುತ್ತಿ, ನಾಲ್ಕಾರು ಗರಿ ಇಟ್ಟು ಬಿಗಿದು ಗಂಟು ಹಾಕಬೇಕು. ಗಂಟಿನ ಮೇಲೆ ಎರಡು ಸಲ ನೈಲ್ ಪಾಲಿಶ್. ಇದು ಸೊಸೆಯ ಕೊಡುಗೆ! ಗರಿ ಕೊಕ್ಕೆಯ ಬಾಗಿಗಿಂತ ಸ್ವಲ್ಪವೇ ಉದ್ದವಿರಲಿ. ಹೆಚ್ಚಾದರೆ ಮೀನು ಬಾಲವನ್ನಷ್ಟೇ ಕಚ್ಚಿ ಹೋಗುತ್ತದೆ. ಗರಿ ದಟ್ಟವಾದರೆ ಚಮಚದ ಆಟವೇ ನಿಂತುಹೋಗುತ್ತದೆ. ಹದವಾಗಿ ಕಟ್ಟಿದ ಗರಿ ಮೀನಿನ ಗಮನವನ್ನು ಕೊಕ್ಕೆಯ ಕಡೆಗೇ ಸೆಳೆಯುತ್ತದೆ.

ಮೊದಲ ಚಮಚ ಸಿದ್ಧವಾದ ಮರುದಿನ ಬೆಳಿಗ್ಗೆ ಆರಕ್ಕೆ ತಂದೆ ಕಾಣಲಿಲ್ಲ. ಗಾಬರಿಯಿಂದ ಕೆಳಗಿಳಿದರೆ ಸೊಸೈಟಿಯ ಈಜುಕೊಳದ ಬಳಿ ನಿಂತು, ಕೊಕ್ಕೆ ಬಿಚ್ಚಿದ ಚಮಚವನ್ನು ದಾರ ಕಟ್ಟಿ ನೀರಿನಲ್ಲಿ ಎಳೆದು ಪರೀಕ್ಷಿಸುತ್ತಿದ್ದಾರೆ. ವಾಚ್‌ಮನ್ ಕಂಗಾಲಾಗಿ “ಆಜೋಬಾ, ಇಥೇ ಮಾಸೇ ನಾಹೀತ್” ಎಂದು ಕೈಮುಗಿಯುತ್ತಿದ್ದಾನೆ! ಶಾಲಾ ಬಸ್ಸಿಗೆ ಕಾದಿದ್ದ ಮಕ್ಕಳೆಲ್ಲ ಸುತ್ತ ಸೇರಿದ್ದರು. ಭಾಷೆ ಬಾರದಿದ್ದರೂ ತಂದೆ ಅವರಿಗೆ ಕೈಸನ್ನೆಯಲ್ಲೇ ಪಾಠ ಶುರುಮಾಡಿದ್ದರು. ನಾನು ಕಾರ್ಯದರ್ಶಿಯವರ ಕ್ಷಮೆ ಕೇಳಿದೆ. ಅಂದಿನಿಂದ ಪರೀಕ್ಷೆ ನಮ್ಮ ಬಚ್ಚಲಿನ ಟಬ್ಬಿನಲ್ಲಿ, ಮೊಮ್ಮಗಳ ಉಸ್ತುವಾರಿಯಲ್ಲಿ. ಕೊಕ್ಕೆಗಳ ಡಬ್ಬಕ್ಕೆ ಮಾತ್ರ ಬೀಗ.

ಮಳೆ ನಿಂತ ಮೇಲೆ ಮಾವಳ ಕಡೆಯ ಒಂದು ಹಿನ್ನೀರಿಗೆ ಹೋದೆವು. ಜಲಾಶಯಗಳ ಮೀನುಗಾರಿಕೆಯನ್ನು ಸಾಮಾನ್ಯವಾಗಿ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ, ಆದ್ದರಿಂದ ಮೊದಲೇ ಕೇಳಿಕೊಂಡಿದ್ದೆವು. ಎರಡು ಗಂಟೆ ಏನೂ ಇಲ್ಲ. ಆಮೇಲೆ ದಾರ ಬಿಗಿಯಿತು. ದಡಕ್ಕೆ ಬಂದದ್ದು ದೊಡ್ಡ ಹುರುಪೆಯ, ಒಂದು ಕೆ.ಜಿ.ಯಷ್ಟಿನ ಮಹಸೀರ್.

ಈ ಮೀನು ಪುಣೆಯದೇ. ಕರ್ನಲ್ ಸೈಕ್ಸ್ ಇಲ್ಲಿನ ಮುಳಾ-ಮುಠಾ ನದಿಯ ಮೀನನ್ನು ನೋಡಿ 1839ರಲ್ಲಿ ಅದಕ್ಕೆ ‘ಖುದ್ರಿ’ ಎಂಬ ವೈಜ್ಞಾನಿಕ ಹೆಸರು ಕೊಟ್ಟರು. ಹಿಂಜವಾಡಿಯ ಪಕ್ಕ ಹರಿಯುವ ಮುಳೆ ಇಂದು ಯಾವ ಸ್ಥಿತಿಯಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಲೋನಾವಳದ ವಲವಣದಲ್ಲಿ ಟಾಟಾ ಪವರ್‌ನವರು 1970ರ ದಶಕದಿಂದ ಇದರ ಮರಿಗಳನ್ನು ಬೆಳೆಸಿ ಹಂಚುತ್ತಾ ಬಂದಿದ್ದಾರೆ. ತಂದೆಯವರಿಗೆ ಇದಾವುದೂ ತಿಳಿಯದು. ಅವರಿಗೆ ನೆನಪಾದದ್ದು ಬೆಳ್ತಂಗಡಿ ತಾಲೂಕಿನ ಶಿಶಿಲ. ಅಲ್ಲಿನ ದೇವಸ್ಥಾನದ ಹೊಳೆಯಲ್ಲಿ ಭಕ್ತರು ತಿನಿಸು ಹಾಕುವುದು ಮಹಸೀರ್ ಜಾತಿಯ ಮೀನುಗಳಿಗೇ.

“ಇದ್ ದೇವ್ರ್ ಮೀನ್, ಬಿಡ್ಕ್” ಎಂದರು. ಒಂಟಿ ಕೊಕ್ಕೆ, ಅದರ ಮುಳ್ಳನ್ನೂ ಇಕ್ಕಳದಿಂದ ಒತ್ತಿದ್ದೆವು, ಹಾಗಾಗಿ ಕೂಡಲೇ ಕಳಚಿತು. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಹಿಡಿದು, ಅದು ತಾನಾಗಿ ಹೋಗುವವರೆಗೂ ಕಾದರು. ಒಂದು ಕಾಲಕ್ಕೆ ಬುಟ್ಟಿಗಟ್ಟಲೆ ಮೀನು ಹಿಡಿದು ನಮ್ಮ ಹೊಟ್ಟೆ ಹೊರೆದ ಕೈಗಳವು. ಮನೆಗೆ ಬರಿಗೈಯಲ್ಲಿ ಬಂದೆವು. ದಾರಿಯುದ್ದಕ್ಕೂ ತಂದೆ ಗಂಗೊಳ್ಳಿಯ ಕಥೆ ಹೇಳಿದರು. ಅವುಗಳಲ್ಲಿ ಅರ್ಧಕ್ಕರ್ಧ ನಾನು ಇದುವರೆಗೆ ಕೇಳಿರಲಿಲ್ಲ.

ಸಂಘದ ಬಂಧುಗಳಲ್ಲಿ ನನ್ನದೊಂದು ಸಣ್ಣ ವಿನಂತಿ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ, ಅವರ ಕೈಗೆ ಯಾವ ಕೆಲಸ ಗೊತ್ತಿತ್ತೆಂದು ಒಮ್ಮೆ ಕೇಳಿ ನೋಡಿ. ಚಾಪೆ ನೇಯುವುದಿರಬಹುದು, ಬಲೆ ಕಟ್ಟುವುದಿರಬಹುದು, ಬುಟ್ಟಿ ಹೆಣೆಯುವುದಿರಬಹುದು. ಅದಕ್ಕೆ ಬೇಕಾದ ಸಾಮಾನು ತಂದುಕೊಡಿ. ಅವರ ಹಳೆಯ ಕ್ರಮದಲ್ಲಿ ಅಪಾಯವಿದ್ದರೆ ಬೇಡವೆಂದು ಹೇಳಲೇಬೇಕು. ಆದರೆ ಬೇಡ ಎಂದಷ್ಟೇ ಹೇಳಿ ಕೈಬಿಡಬೇಡಿ, ಬದಲಿ ದಾರಿಯನ್ನೂ ಹುಡುಕಿಕೊಡಿ.

ನಮ್ಮ ಅಡುಗೆಮನೆಯಲ್ಲಿ ಈಗ ಊಟಕ್ಕೆ ಚಮಚ ಸಾಲುತ್ತಿಲ್ಲ ಎಂಬುದೊಂದೇ ಹೆಂಡತಿಯ ದೂರು.